ಅರ್ಧ ಬಿಸಿ ಕೊಡುವ ಓವನ್: ಕೆಟ್ಟಿರುವುದು ಯಾವ ಭಾಗ?

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ಬೇಕರಿ ಇದೆ. ನಮ್ಮ 1800 ವ್ಯಾಟ್‌ನ ಮೈಕ್ರೋವೇವ್ ಓವನ್ ಒಂದು ತಿಂಗಳಿಂದ ಎಲ್ಲವನ್ನೂ ಬಿಸಿ ಮಾಡಲು ಮೊದಲಿನ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ. ರಿಪೇರಿಗೆ ಬಂದವರು ಮಲ್ಟಿಮೀಟರ್ ಹಿಡಿದು ನೋಡಿ, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಎರಡೂ ಹೋಗಿವೆ, ತರಂಗ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗಳನ್ನೂ ಬದಲಿಸಬೇಕು ಎಂದರು. ಮಗ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಓದಿದ್ದಾನೆ. ಅವನೇ ಪರೀಕ್ಷಿಸಬಹುದೇ? ತರಂಗ ಸೋರುತ್ತಿದೆಯೇ ಎಂದು ತಿಳಿಯಲು ಒಳಗೆ ಮೊಬೈಲ್ ಇಟ್ಟು ಕರೆ ಮಾಡಿ ನೋಡಿದರೆ ಸಾಕೇ?

ಉತ್ತರ: ಎರಡೂ ಡಯೋಡ್ ಹೋಗಿದ್ದರೆ ನಿಮಗೆ ಅರ್ಧ ಬಿಸಿಯೂ ಸಿಗುತ್ತಿರಲಿಲ್ಲ. ಇಷ್ಟು ಶಕ್ತಿಯ ಓವನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮ್ಯಾಗ್ನೆಟ್ರಾನ್‌ಗಳಿದ್ದು, ಪ್ರತಿಯೊಂದಕ್ಕೂ ಬೇರೆ ಟ್ರಾನ್ಸ್‌ಫಾರ್ಮರ್, ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಮತ್ತು ಡಯೋಡ್ ಇರುತ್ತವೆ. ಇಂಥ ಒಂದು ಸಾಲು ನಿಂತರೂ ಇನ್ನೊಂದು ಕೆಲಸ ಮಾಡುವುದರಿಂದ ದೀಪ, ಫ್ಯಾನ್ ಎಲ್ಲವೂ ಸರಿಯಾಗಿಯೇ ಕಾಣುತ್ತವೆ.

ಕವಚ ಬಿಚ್ಚುವ ಮೊದಲು ನೀರಿನ ಪರೀಕ್ಷೆ ಮಾಡಿ. ಒಂದು ಲೀಟರ್ ತಣ್ಣೀರಿನ ಉಷ್ಣತೆಯನ್ನು ಥರ್ಮಾಮೀಟರಿನಲ್ಲಿ ಅಳೆದು, ಪೂರ್ಣ ಶಕ್ತಿಯಲ್ಲಿ ಸರಿಯಾಗಿ 60 ಸೆಕೆಂಡ್ ಇಟ್ಟು, ಕಲಕಿ, ಮತ್ತೆ ಅಳೆಯಿರಿ; ಏರಿದ ಸೆಲ್ಸಿಯಸ್ ಡಿಗ್ರಿಗಳನ್ನು 70ರಿಂದ ಗುಣಿಸಿದರೆ ನೀರಿಗೆ ಸೇರಿದ ವ್ಯಾಟ್ ಸಿಗುತ್ತದೆ. ನಿಮ್ಮ ಓವನ್‌ಗೆ ಸುಮಾರು 25 ಡಿಗ್ರಿ ಏರಬೇಕು. 12 ಅಥವಾ 13 ಬಂದರೆ ಒಂದು ಸಾಲು ಸತ್ತಿದೆ ಎಂದರ್ಥ. ಸಂಜೆ ವೋಲ್ಟೇಜ್ ಇಳಿಯುವ ಕಡೆಗಳಲ್ಲಿ ಓವನ್ ಸರಿಯಿದ್ದರೂ ಲೆಕ್ಕ ಕಡಿಮೆಯೇ ಬರುತ್ತದೆ, ಆದ್ದರಿಂದ ಬೆಳಿಗ್ಗೆಯೂ ಒಮ್ಮೆ ಮಾಡಿ ನೋಡಿ.

ಇನ್ನು ಒಳಗಿನ ಕೆಲಸ. ಅಲ್ಲಿ ಸುಮಾರು 4000 ವೋಲ್ಟ್ ಓಡಾಡುತ್ತದೆ, ಅದರ ಹಿಂದಿರುವ ಟ್ರಾನ್ಸ್‌ಫಾರ್ಮರ್ ಪ್ರಾಣ ತೆಗೆಯುವಷ್ಟು ಕರೆಂಟನ್ನು ಧಾರಾಳವಾಗಿ ಕೊಡಬಲ್ಲದು. ಹಾಗಾಗಿ ಓವನ್ ಚಾಲೂ ಇರುವಾಗ ಈ ವೋಲ್ಟೇಜ್ ಅಳೆಯುವ ಪ್ರಯತ್ನವನ್ನು ನಿಮ್ಮ ಮಗ ಯಾವ ಕಾರಣಕ್ಕೂ ಮಾಡಕೂಡದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿಯಬಹುದು. ಅದರೊಳಗಿನ ರೆಸಿಸ್ಟರ್ ಅದನ್ನು ನಿಧಾನವಾಗಿ ಇಳಿಸಬೇಕು, ಆದರೆ ಆ ರೆಸಿಸ್ಟರೇ ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ದಪ್ಪ ಇನ್ಸುಲೇಷನ್ ಇರುವ, ರೆಸಿಸ್ಟರ್ ಅಳವಡಿಸಿದ ಡಿಸ್ಚಾರ್ಜ್ ಕಡ್ಡಿಯಿಂದ ಎರಡು ಟರ್ಮಿನಲ್‌ಗಳ ನಡುವೆಯೂ, ಪ್ರತಿ ಟರ್ಮಿನಲ್‌ನಿಂದ ಲೋಹದ ಮೈಗೂ ಮುಟ್ಟಿಸಬೇಕು. ನಿಮ್ಮದರಲ್ಲಿ ಕೆಪಾಸಿಟರ್ ಎರಡು ಇರುತ್ತವೆ. ಒಂದನ್ನು ಇಳಿಸಿ ಇನ್ನೊಂದನ್ನು ಮರೆಯುವುದೇ ಇಂಥ ಓವನ್‌ಗಳ ದೊಡ್ಡ ಅಪಾಯ.

ನಂತರ ತಂತಿಗಳನ್ನು ಕಳಚಿ ಪರೀಕ್ಷಿಸಬಹುದು. ಮ್ಯಾಗ್ನೆಟ್ರಾನ್‌ನ ಎರಡು ಟರ್ಮಿನಲ್‌ಗಳ ನಡುವೆ ಒಂದು ಓಮ್‌ಗಿಂತ ಕಡಿಮೆ ಬರಬೇಕು, ಟರ್ಮಿನಲ್‌ನಿಂದ ಮೈಗೆ ಸಂಪರ್ಕವೇ ತೋರಬಾರದು. ಆ ಟರ್ಮಿನಲ್‌ಗೆ ಸಿಕ್ಕಿಸಿದ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿ: ಮ್ಯಾಗ್ನೆಟ್ರಾನ್ ಒಳಗಿನ ಕಾಯುವ ತಂತಿಯಾದ ಫಿಲಮೆಂಟಿಗೆ ಹತ್ತು ಆಂಪಿಯರ್‌ನಷ್ಟು ಕರೆಂಟ್ ಹೋಗುವುದರಿಂದ, ಸ್ವಲ್ಪ ಸಡಿಲವಾದರೂ ಕ್ಲಿಪ್ ಕಾದು ಕಪ್ಪಾಗುತ್ತದೆ. ಅಂಥ ಕ್ಲಿಪ್ ಬದಲಿಸಿದರೆ ಸಾಕಾಗುವ ಕಡೆ ಸಾವಿರಾರು ರೂಪಾಯಿಯ ಮ್ಯಾಗ್ನೆಟ್ರಾನ್ ತರಿಸುವುದು ದಂಡ. ಅದರ ಆಯಸ್ಕಾಂತದ ಬಳೆ ಬಿರುಕು ಬಿಟ್ಟಿದ್ದರೆ ಮಾತ್ರ, ಮೀಟರ್ ಸರಿ ತೋರಿಸಿದರೂ, ಬದಲಿಸಲೇಬೇಕು. ಹಳೆಯದನ್ನು ಒಡೆಯಬೇಡಿ. ಕೆಲವು ಮ್ಯಾಗ್ನೆಟ್ರಾನ್‌ಗಳ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಡಯೋಡ್ ವಿಷಯದಲ್ಲಿ ರಿಪೇರಿಯವರು ಎಡವಿದ್ದಾರೆ ಎಂದು ನನ್ನ ಅನುಮಾನ. ಈ ಡಯೋಡ್ ತೆರೆದುಕೊಳ್ಳಲು ಹಲವು ವೋಲ್ಟ್ ಬೇಕು, ಸಾಮಾನ್ಯ ಮೀಟರ್ ಅಷ್ಟು ಕೊಡುವುದಿಲ್ಲ. ಹಾಗಾಗಿ ಒಳ್ಳೆಯ ಡಯೋಡೂ ಎರಡೂ ದಿಕ್ಕಿನಲ್ಲಿ ಸತ್ತಂತೆ ಕಾಣುತ್ತದೆ. 9 ವೋಲ್ಟ್ ಬ್ಯಾಟರಿ, ಒಂದು ರೆಸಿಸ್ಟರ್ ಮತ್ತು ಮೀಟರನ್ನು ಡಯೋಡಿನೊಂದಿಗೆ ಸಾಲಾಗಿ ಜೋಡಿಸಿ: ಒಂದು ದಿಕ್ಕಿನಲ್ಲಿ ಮಾತ್ರ ಕರೆಂಟ್ ಹರಿದರೆ ಡಯೋಡ್ ಸರಿಯಾಗಿದೆ.

ಮೊಬೈಲ್ ಪರೀಕ್ಷೆಯನ್ನು ನಂಬಬೇಡಿ. ಅದು ಕರೆ ಬಂದಿತೇ ಎಂಬುದನ್ನು ಹೇಳುತ್ತದೆಯೇ ಹೊರತು ಸೋರಿಕೆಯ ಪ್ರಮಾಣವನ್ನಲ್ಲ. ಒಳಗೆ 275 ಮಿಲಿ ಲೀಟರ್ ನೀರಿಟ್ಟು, ಕವಚ ಹಾಕಿದ ಮೇಲೆ, ಸೋರಿಕೆ ಮೀಟರನ್ನು ಬಾಗಿಲಿನ ಅಂಚಿನಿಂದ 5 ಸೆಂಟಿಮೀಟರ್ ದೂರದಲ್ಲಿ ಸುತ್ತಲೂ ಒಯ್ಯಬೇಕು. ಮಿತಿ ಚದರ ಸೆಂಟಿಮೀಟರ್‌ಗೆ 5 ಮಿಲಿವ್ಯಾಟ್. ಬಾಗಿಲಿನ ಸ್ವಿಚ್ಚುಗಳಲ್ಲಿ ಒಂದು, ಉಳಿದವು ಕೆಟ್ಟು ಅಂಟಿಕೊಂಡಾಗ ಬೇಕೆಂದೇ ಫ್ಯೂಸ್ ಸುಡುವಂತೆ ಜೋಡಿಸಿರುವಂಥದು. ಆದ್ದರಿಂದ ಬಾಗಿಲು ತೆರೆದಾಗಲೆಲ್ಲ ಫ್ಯೂಸ್ ಹೋಗುತ್ತಿದ್ದರೆ ಅದರ ಜಾಗಕ್ಕೆ ತಂತಿ ಸುತ್ತದೆ, ಆ ಸ್ವಿಚ್ಚುಗಳನ್ನೇ ಬದಲಿಸಿ.