ಬೆಳಿಗ್ಗೆ ಸ್ಟಾರ್ಟ್ ಆಗದ ಹಳೇ ಜೀಪು
ನಿಮ್ಮ ಡೀಸೆಲ್ ಜೀಪು ಇಳಿಜಾರಲ್ಲಿ ಮೂತಿ ಮೇಲಾಗಿ ನಿಲ್ಲಿಸಿದ ದಿನ ಮಾತ್ರ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಅಂದ್ರಲ್ಲ, ಹೆಚ್ಚಾಗಿ ಅದು ಡೀಸೆಲ್ ಲೈನಿಗೆ ಗಾಳಿ ಹೊಕ್ಕು, ಡೀಸೆಲ್ ಹಿಂದಿನ ಟ್ಯಾಂಕಿಗೆ ಇಳಿದುಹೋಗಿರೋದು. ಸುಮ್ನೆ ಹೊಸ ಬ್ಯಾಟರಿ ಹಾಕಿಸಬೇಡಿ. ನಾಳೆ ಸೆಲ್ಫ್ ಹೊಡೆಯೋ ಮೊದಲು ಡೀಸೆಲ್ ಲೈನಿನಲ್ಲಿ ಕೈಯಲ್ಲಿ ಒತ್ತೋ ಹ್ಯಾಂಡ್ ಪಂಪ್ ಇರುತ್ತಲ್ಲ, ಅದನ್ನ ಗಟ್ಟಿಯಾಗುವವರೆಗೆ ಒತ್ತಿ. ತಕ್ಷಣ ಸ್ಟಾರ್ಟ್ ಆದರೆ ಗಾಳಿಯೇ. ಆಮೇಲೆ ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದುಕೊಡೋ ಪಂಪು) ಬರೋ ರಬ್ಬರ್ ಪೈಪನ್ನ ಕ್ಲಿಪ್ಪಿನ ಹತ್ತಿರ ಬಗ್ಗಿಸಿ ನೋಡಿ, ಕೂದಲೆಳೆಯಂಥ ಬಿರುಕು ಇರಬಹುದು. ಅದು ಎಳೆಯೋ ಕಡೆಯ ಪೈಪು, ಹಾಗಾಗಿ ಹೊರಗೆ ಒಂದು ತೊಟ್ಟೂ ಸೋರದೆ ಒಳಗೆ ಗಾಳಿ ಹೋಗುತ್ತೆ, ಮೆಕ್ಯಾನಿಕ್‌ಗಳು ಲೀಕ್ ಇಲ್ಲ ಅಂತ ಕಳಿಸಿಬಿಡೋದು ಇದಕ್ಕೇ. ಪೈಪು, ಕ್ಲಿಪ್ಪು, ಫಿಲ್ಟರಿನ ತಾಮ್ರದ ವಾಷರ್ ಒಟ್ಟಿಗೇ ಬದಲಿಸಿ ಏರ್ ತೆಗೆಸಿ. ಪಂಪ್ ಒತ್ತಿದರೂ ಹಾಗೇ ಇದ್ದರೆ ನನ್ನ ಅಂದಾಜು ತಪ್ಪು. ಮಹೀಂದ್ರ ಎಂಎಂ 540 ಜೀಪಿನ ಹಳೇ ಪೂಜೋ ಇಂಜಿನ್ ಆದರೆ, ಸ್ಟಾರ್ಟ್ ಮಾಡೋ ಮೊದಲು ಇಂಜಿನ್ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್ ನೋಡಿಸಿ, ಮೂಡಿಗೆರೆ ಚಳಿಗೆ ಅದೂ ಬೇಕಲ್ವಾ. ಅಲ್ಲಿವರೆಗೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.