ಡಬ್ಬದಲ್ಲೇ ಇದ್ದ ಜೋರ್ಡನ್ 4ರ ಸೋಲ್ ಪುಡಿಯಾದರೆ

ವರ್ಷಗಟ್ಟಲೆ ಡಬ್ಬದಲ್ಲೇ ಇದ್ದ ನೈಕಿಯ ಬಾಸ್ಕೆಟ್‌ಬಾಲ್ ಶೂ ಏರ್ ಜೋರ್ಡನ್ 4ರ ಸೋಲ್ ಉದುರುತ್ತಿದೆ, ನಕಲಿ ಇರಬಹುದಾ ಅಂತ ಕೇಳಿದ್ದೀರಿ. ನಕಲಿ ಅಂತಲೇ ಅಲ್ಲ, ಬಹುಶಃ ಹೈಡ್ರಾಲಿಸಿಸ್, ಅಂದರೆ ತೇವದಿಂದ ವಸ್ತು ಒಡೆದು ಹೋಗುವುದು. ಶೂನ ಮಿಡ್‌ಸೋಲ್ (ಸೋಲಿನ ನಡುವಿನ ಮೆತ್ತನೆ ಪದರ) ಪಾಲಿಯುರೆಥೇನ್ (ಪಿಯು) ಎಂಬ ಫೋಮ್, ಗಾಳಿಯ ತೇವ ಅದನ್ನು ನಿಧಾನವಾಗಿ ಒಳಗಿಂದಲೇ ತಿನ್ನುತ್ತದೆ. ಬೆಂಗಳೂರಿನ ಮಳೆಗಾಲವಂತೂ ಕೇಳಲೇಬೇಡಿ. 1989ರ ಮೂಲ ಜೋಡಿಗಳ ಕಥೆಯೂ ಇದೇ, ಹಾಕದೆ ಜೋಪಾನ ಮಾಡಿದರೂ ಬಿಡುವುದಿಲ್ಲ.

ಮೊದಲು ಹಿಮ್ಮಡಿ ಹತ್ತಿರ ಮಿಡ್‌ಸೋಲನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಫೋಟೋ ಇಲ್ಲದೆ ನಿಮ್ಮದು ಯಾವ ಹಂತ ಅಂತ ಹೇಳಲಾರೆ. ಗಟ್ಟಿಯಾಗಿದ್ದು ಕೆಳಗಿನ ರಬ್ಬರ್ ಮಾತ್ರ ಬಿಟ್ಟಿದ್ದರೆ, ಹಳೇ ಅಂಟು ಪೂರ್ತಿ ಕೆರೆಸಿ ಶೂ ರಿಪೇರಿಯವರ ಹತ್ತಿರ ಪಿಯು ಅಂಟು ಹಾಕಿಸಿ. ಫೆವಿಕ್ವಿಕ್ ಬೇಡ, ಗಡುಸಾಗಿ ಕಾಲು ಬಾಗುವ ಕಡೆ ಬಿರುಕು ಬಿಡುತ್ತದೆ. ಬಣ್ಣ ಬಿರಿದು ಒಳಗಿಂದ ರಸ್ಕ್ ಥರ ಪುಡಿ ಬಂದರೆ ಅಂಟು ಸುಮ್ನೆ ದಂಡ, ಅದಕ್ಕೆ ಹಿಡಿಯಲು ಜಾಗವೇ ಇರುವುದಿಲ್ಲ. ಆಗ ಇರುವುದು ಸೋಲ್ ಸ್ವಾಪ್ ಒಂದೇ: ಅದೇ ಮಾಡೆಲ್, ಅದೇ ಸೈಜಿನ, ಮೇಲ್ಭಾಗ ಹಾಳಾದ ಹೊಸ ರೆಟ್ರೋ (ಹಳೇ ಮಾಡೆಲಿನ ಮರುಬಿಡುಗಡೆ) ಜೋಡಿ ಹುಡುಕಿ ಅದರ ಸೋಲ್ ಕೂರಿಸುವುದು. ಖರ್ಚು ಜಾಸ್ತಿ, ಹಾಗಾಗಿ ಮಾಡುವವರ ಹಳೇ ಕೆಲಸ ನೋಡಿಯೇ ಕೊಡಿ.

ಅಲ್ಲಿಯವರೆಗೆ ಬಾಸ್ಕೆಟ್‌ಬಾಲ್ ಕೋರ್ಟಿಗೆ ಹಾಕಿಕೊಂಡು ಹೋಗಬೇಡಿ, ರೀಬೌಂಡ್‌ಗೆ ಹಾರಿ ಇಳಿಯುವಾಗ ಸೋಲ್ ಕಿತ್ತರೆ ಕಾಲು ಉಳುಕುತ್ತದೆ.