ಓದುಗರ ಪ್ರಶ್ನೆ: ಹಾಲ್ ಟಿಕೆಟ್ ಪೂಜೆ, ರೋಜಾ, ಮೊಟ್ಟೆ

ಈ ಸಲದ ಪತ್ರಗಳಲ್ಲಿ ನಾಲ್ಕು ಶಾಲೆ ಮತ್ತು ಧರ್ಮದ ಸುತ್ತಲೇ ಇದ್ದವು. ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾವು ಕ್ರಿಶ್ಚಿಯನ್ನರು. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ಕ್ಲಾಸು. ಪರೀಕ್ಷೆಗೆ ಮುಂಚೆ ಸರಸ್ವತಿ ಪೂಜೆ ಇಟ್ಟುಕೊಂಡು, ಹಾಲ್ ಟಿಕೆಟ್‌ಗಳನ್ನು ಫೋಟೊ ಮುಂದೆ ಇಟ್ಟು, ಒಬ್ಬೊಬ್ಬರನ್ನೇ ಕರೆದು ಆರತಿ ತೆಗೆದುಕೊಂಡ ಮೇಲೆ ಕೊಡ್ತಾರಂತೆ. ಇವಳು ಆರತಿ ಬೇಡ ಅಂತಾಳೆ, ಆದರೆ ಎಲ್ಲರ ಎದುರು ಹೇಳೋಕೆ ಭಯ. ಬಲವಂತ ಮಾಡಬಹುದಾ? (ಒಬ್ಬ ತಾಯಿ, ಲಿಂಗರಾಜಪುರ)

ಉತ್ತರ: ಮಾಡುವ ಹಾಗಿಲ್ಲ. ಸಂವಿಧಾನದ 28ನೇ ವಿಧಿ ಇದನ್ನೇ ಹೇಳುತ್ತದೆ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆಯೇ ಇಲ್ಲ. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲೂ ಪೂಜೆ, ಪ್ರಾರ್ಥನೆಯಲ್ಲಿ ಮಗು ಭಾಗವಹಿಸಲೇಬೇಕು ಅನ್ನಬೇಕಾದರೆ ಮನೆಯವರ ಒಪ್ಪಿಗೆ ಬೇಕು. 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇರಳದ ಒಂದು ಕೇಸು ಬಂದಿತ್ತು. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯವರು ಹೊರಗೆ ಹಾಕಿದರು. ಕೋರ್ಟು ವಾಪಸ್ ಸೇರಿಸಿಕೊಳ್ಳಿ ಅಂದಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹಾಗಾದರೆ ಆರತಿಯ ಮಾತೇನು?

ಕಾನೂನು ಇಷ್ಟೇ. ಆದರೆ ನಿಮ್ಮ ಮಗಳಿಗೆ ಬೇಕಿರುವುದು ಕಾನೂನಲ್ಲ ಅಲ್ವಾ, ಆ ಅರ್ಧ ನಿಮಿಷ ದಾಟುವ ದಾರಿ. ಅರಿಶಿನ ಕುಂಕುಮ ಹಚ್ಚಿದ ಹಾಲ್ ಟಿಕೆಟ್ ತಟ್ಟೆಯಲ್ಲಿದೆ, ಹಿಂದೆ ಇಡೀ ಕ್ಲಾಸು ನಿಂತಿದೆ, ಮುಂದೆ ಮೇಷ್ಟ್ರು ಕರ್ಪೂರ ಹಿಡಿದಿದ್ದಾರೆ. ಅಲ್ಲಿ ನಿಂತು 'ಬೇಡ ಸರ್' ಅನ್ನಿ ಅಂತ ಹದಿನೈದು ವರ್ಷದ ಹುಡುಗಿಗೆ ಹೇಳುವುದು ನನ್ನ ಪ್ರಕಾರ ಅನ್ಯಾಯ. ಆ ಮಾತು ನೀವು ಆಡಿ, ಅದೂ ಹಿಂದಿನ ವಾರವೇ. ಹೆಡ್‌ಮಾಸ್ಟರ್ ಹತ್ತಿರ ಹೋಗಿ, 'ಹಾಲ್ ಟಿಕೆಟ್ ಆಫೀಸಿನಲ್ಲಿ ತೆಗೆದುಕೊಳ್ಳುತ್ತಾಳೆ, ಪೂಜೆಗೆ ನಿಲ್ಲುವುದಿಲ್ಲ' ಅಂತ ಸಮಾಧಾನವಾಗಿ ಹೇಳಿ. ಒಂದು ಚೀಟಿಯನ್ನೂ ಬರೆದುಕೊಡಿ. ಮುಕ್ಕಾಲುಪಾಲು ಕಡೆ ಇಷ್ಟಕ್ಕೇ ಮುಗಿಯುತ್ತದೆ, ಯಾಕೆಂದರೆ ಮೇಷ್ಟ್ರುಗಳು ಕೆಟ್ಟವರಲ್ಲ, ಅವರಿಗೆ ಹೊಳೆದಿರುವುದಿಲ್ಲ ಅಷ್ಟೆ. ಊಟಕ್ಕೆ, ಫೋಟೊಗೆ ಗೆಳತಿಯರ ಜೊತೆ ಇರಬೇಕೋ ಬೇಡವೋ ಅವಳೇ ನೋಡಿಕೊಳ್ಳಲಿ.

ಶಾಲೆಯವರಿಗೂ ಒಂದು ಮಾತು. ಸರಸ್ವತಿ ವಿದ್ಯೆಯ ದೇವತೆ, ಅದರಲ್ಲಿ ಧರ್ಮ ಎಲ್ಲಿಂದ ಬಂತು ಅಂತೀರಿ. ಪೂಜೆ ಮಾಡಿಕೊಂಡು ಬೆಳೆದವರಿಗೆ ಅದು ಸುಮ್ನೆ ವಾಡಿಕೆ. ಹಾಗೆ ಬೆಳೆಯದ ಮನೆಯವರಿಗೆ ಅದು ಪೂಜೆಯೇ. ಖುಷಿಯಿಂದ ಆರತಿ ತೆಗೆದುಕೊಳ್ಳುವ ಬೇರೆ ಧರ್ಮದ ಮಕ್ಕಳೂ ಇದ್ದಾರೆ, ಅದು ಅವರಿಷ್ಟ. ಹಾಲ್ ಟಿಕೆಟ್ ಮಾತ್ರ ಪರೀಕ್ಷಾ ಮಂಡಳಿಯ ಕಾಗದ, ಪ್ರಸಾದ ಅಲ್ಲ. ಬೆಳಿಗ್ಗೆಯೇ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡು ಎಲ್ಲರಿಗೂ ಕೊಟ್ಟುಬಿಡಿ. ಆಮೇಲೆ ಏನೇ ಇದ್ದರೂ ಯಾರ ಕೈಯೂ ಕಟ್ಟಿದ ಹಾಗಾಗುವುದಿಲ್ಲ.

ಪ್ರಶ್ನೆ: ನಾನು ಆರನೇ ಕ್ಲಾಸಿನ ಟೀಚರ್. ರಂಜಾನಿನಲ್ಲಿ ಕೆಲವು ಮಕ್ಕಳು ರೋಜಾ (ಉಪವಾಸ) ಹಿಡಿಯುತ್ತಾರೆ. ಬಿಸಿಯೂಟದ ಹೊತ್ತಲ್ಲಿ ಅಲ್ಲೇ ಕೂತು ನೋಡುತ್ತಿರುತ್ತಾರೆ, ಪಿ.ಟಿ. ಪಿರಿಯಡ್‌ನಲ್ಲಿ ಸುಸ್ತಾಗುತ್ತಾರೆ. ಏನಾದರೂ ವ್ಯವಸ್ಥೆ ಮಾಡೋಣ ಅಂದರೆ 'ಒಂದು ಧರ್ಮಕ್ಕೆ ಸ್ಪೆಷಲ್ ಮಾಡಬೇಡಿ' ಅಂತಾರೆ ಸಹೋದ್ಯೋಗಿಗಳು. (ಜಗಜೀವನರಾಮ್ ನಗರ ಕಡೆಯವರು)

ಉತ್ತರ: ನಿಮ್ಮ ಸಹೋದ್ಯೋಗಿಗಳನ್ನು ಒಂದು ಕೇಳಿ. ಡಿಸೆಂಬರ್‌ನಲ್ಲಿ ಅಯ್ಯಪ್ಪ ಮಾಲೆ ಹಾಕಿದ ಹುಡುಗ ಕಪ್ಪು ಬಟ್ಟೆಯಲ್ಲಿ ಬರಿಗಾಲಲ್ಲಿ ಬಂದರೆ 'ಶೂ ಎಲ್ಲಿ' ಅಂತ ಎಷ್ಟು ಜನ ಗದರಿಸುತ್ತೀರಿ? ಎಷ್ಟೋ ಶಾಲೆಗಳಲ್ಲಿ 'ಸ್ವಾಮಿ' ಅಂತಲೇ ಕರೆದು ಪಕ್ಕಕ್ಕೆ ಬಿಡುತ್ತಾರೆ. ಒಳ್ಳೆಯದೇ. ಚಿಕ್ಕಪೇಟೆ ಕಡೆ ಪರ್ಯೂಷಣದಲ್ಲಿ ಉಪವಾಸ ಇರುವ ಜೈನ ಮಕ್ಕಳೂ ಇದ್ದಾರೆ. ಅಂದರೆ ಹೊಂದಿಕೊಳ್ಳುವುದು ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಯಾರಿಗೆ ಮಾಡಿದರೆ ಅದು ಕಣ್ಣಿಗೆ ಬೀಳುತ್ತದೆ, ಯಾರಿಗೆ ಮಾಡಿದರೆ ಬೀಳುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಊಟದ ಹೊತ್ತಲ್ಲಿ ಲೈಬ್ರರಿ ಕೋಣೆ ತೆಗೆದಿಡಿ, ರೋಜಾ ಇರುವವರಿಗೆ ಮಾತ್ರ ಅಂತ ಬೋರ್ಡ್ ಹಾಕಬೇಡಿ, ಊಟ ಬೇಗ ಮುಗಿಸಿದ ಯಾರು ಬೇಕಾದರೂ ಬಂದು ಕೂರಲಿ. ಪಿ.ಟಿ.ಯಲ್ಲಿ ಓಡಿಸುವ ಬದಲು ಸ್ಕೋರ್ ಬರೆಯುವ ಕೆಲಸ ಕೊಡಿ. 'ಯಾರ‍್ಯಾರು ರೋಜಾ, ಕೈ ಎತ್ತಿ' ಅನ್ನಲೇಬೇಡಿ. ಆ ಒಂದು ಮಾತಿಂದಲೇ ಕ್ಲಾಸು ಎರಡಾಗುತ್ತದೆ, ಇವತ್ತು ಎದ್ದ ಕೈ ನಾಳೆ ಏಳದಿದ್ದರೆ 'ಯಾಕೋ, ಮುರಿದೆಯಾ' ಅಂತ ರೇಗಿಸುವವರು ಅವನ ಪಕ್ಕದ ಬೆಂಚಿನಲ್ಲೇ ಇರುತ್ತಾರೆ. ತಿಂಗಳು ಶುರುವಾಗುವ ಮುಂಚೆ ಮನೆಯವರಿಗೆ ಒಂದು ಫೋನ್ ಮಾಡಿ. ಚಿಕ್ಕ ಮಕ್ಕಳಿಗೆ ರೋಜಾ ಕಡ್ಡಾಯ ಅಲ್ಲ ಅನ್ನುವುದು ಅವರಿಗೆ ಗೊತ್ತೇ ಇರುತ್ತದೆ, ಅದನ್ನು ನೀವು ಮಗುವಿಗೆ ಪಾಠ ಮಾಡಲು ಹೋಗಬೇಡಿ. ತಲೆ ಸುತ್ತಿತು ಅಂದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ. ಹಾಗಾದಾಗ ನೀರು ಕೊಡಿ, ಮನೆಗೆ ಕರೆ ಮಾಡಿ. ಆರೋಗ್ಯದ ವಿಷಯದಲ್ಲಿ ಹಿಂದೆಮುಂದೆ ನೋಡಬೇಡಿ.

ಇನ್ನೊಂದು, ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಇನ್ನು ಎಷ್ಟೋ ವರ್ಷ ಅದು ಶಾಲೆ ನಡೆಯುವ ದಿನಗಳಲ್ಲೇ ಬರುವುದು. ಹಾಗಾಗಿ ಒಂದು ಸಲ ಕೂತು ಪದ್ಧತಿ ಮಾಡಿಟ್ಟುಕೊಂಡರೆ ಪ್ರತಿವರ್ಷದ ಜಗಳ ತಪ್ಪುತ್ತದೆ.

ಪ್ರಶ್ನೆ: ಹಿಜಾಬ್ ಕೇಸು ಕೊನೆಗೆ ಏನಾಯಿತು? ಜನಿವಾರದ್ದು? (ಪಿ.ಯು. ವಿದ್ಯಾರ್ಥಿ, ವಿಜಯನಗರ)

ಉತ್ತರ: ಚಿಕ್ಕದಾಗಿ ಹೇಳುತ್ತೇನೆ. 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು, ಒಬ್ಬರು ಹೈಕೋರ್ಟ್ ಸರಿ ಅಂದರು, ಇನ್ನೊಬ್ಬರು ಹುಡುಗಿಯರ ಓದು ಮೊದಲು ಅಂದರು. ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಜನಿವಾರದ ಗಲಾಟೆ 2025ರ ಏಪ್ರಿಲ್‌ನ ಸಿಇಟಿಯದು. ಕೆಲವು ಕೇಂದ್ರಗಳ ಬಾಗಿಲಲ್ಲಿ ತೆಗೆಯಿರಿ ಅಂದರು, ಬೀದರ್‌ನ ಒಬ್ಬ ಹುಡುಗನಿಗೆ ಗಣಿತದ ಪರೀಕ್ಷೆಯೇ ತಪ್ಪಿತು. ಎರಡರಲ್ಲೂ ಗೇಟಿನ ಹತ್ತಿರ ನಿಂತು ಉತ್ತರ ಹೇಳಬೇಕಾದವರು ಓದೋಕೆ ಬಂದ ಮಕ್ಕಳೇ. ಒಂದಕ್ಕೆ ಸಿಟ್ಟಾಗಿ ಇನ್ನೊಂದಕ್ಕೆ ಸುಮ್ಮನಿದ್ದವರು ಎರಡೂ ಕಡೆ ಬೇಕಾದಷ್ಟು ಜನ ಇದ್ದರು ಬಿಡಿ.

ಪ್ರಶ್ನೆ: ನಾವು ಮೊಟ್ಟೆ ತಿನ್ನುವವರಲ್ಲ. ಮಗನ ಶಾಲೆಯಲ್ಲಿ ಪಕ್ಕದಲ್ಲೇ ಕೂತು ತಿನ್ನುತ್ತಾರೆ. ಬೇರೆ ಸಾಲು ಮಾಡಿ ಅಂತ ಕೇಳಬಹುದಲ್ಲ? (ಒಬ್ಬ ತಂದೆ, ರಾಜಾಜಿನಗರ)

ಉತ್ತರ: ಕೇಳಬೇಡಿ ಸರ್. ಮೊಟ್ಟೆ ಕಡ್ಡಾಯ ಅಲ್ಲ, ಬೇಡ ಅಂದವರಿಗೆ ಬಾಳೆಹಣ್ಣು ಕೊಡುತ್ತಾರೆ. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನ ಆಗಿದೆ, ಹಾಗಾಗಿ ನೀವು ಕೇಳುವ ಆ ಬೇರೆ ಸಾಲು ಶಾಲೆ ನಡೆಯುವ ದಿನವೆಲ್ಲ ಇರುತ್ತದೆ, ಮತ್ತು ಯಾವ ಸಾಲಿನಲ್ಲಿ ಯಾವ ಜಾತಿ ಕೂತಿದೆ ಅಂತ ಮಕ್ಕಳು ವಾರದೊಳಗೆ ಲೆಕ್ಕ ಹಾಕಿಬಿಡುತ್ತಾರೆ. ಬಡಿಸುವ ಸೌಟು, ಪಾತ್ರೆ ಬೇರೆ ಇಡಿ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ, ಅದು ನ್ಯಾಯವಾದ ಬೇಡಿಕೆ. ತಟ್ಟೆಗೆ ಬಲವಂತವಾಗಿ ಹಾಕಿದರೆ ದೂರು ಕೊಡಿ, ಅದೂ ಸರಿ. ಮಗ ಬಾಳೆಹಣ್ಣು ಬೇಡ, ಚಿಕ್ಕಿಯೇ ಬೇಕು ಅಂತ ಹಠ ಹಿಡಿದರೆ ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.